ಬಿಳಿ ಐದಕ್ಕಿಂತ ತುಸು ಮೇಲೆ

ಡೊಂಬಿವಲಿ ಸ್ಟೇಷನ್ನಿನ ಪೂರ್ವಕ್ಕೆ ಇಳಿದು ಶೇರ್ ರಿಕ್ಷಾದವರಿಗೆ ‘ಎಂಐಡಿಸಿ’ ಎಂದು ಹೇಳಿದರೆ ಸಾಲದು. ನಿವಾಸಿ ವಿಭಾಗವೋ, ಕಂಪನಿಗಳ ಕಡೆಯೋ ಎಂದು ಮರುಪ್ರಶ್ನೆ ಬರುತ್ತದೆ. ಎರಡರ ನಡುವೆ ಬಹಳ ದೂರವೇನೂ ಇಲ್ಲ. ಘರ್ಡಾ ಸರ್ಕಲ್ಲಿನ ಹತ್ತಿರ ಸಾವಿತ್ರಿಬಾಯಿ ಫುಲೆ ಹೆಸರಿನ ರಂಗಮಂದಿರವಿದೆ. ಅಲ್ಲಿ ಮರಾಠಿ ನಾಟಕ ನೋಡಿ ಹೊರಬಂದವರಿಗೆ ಎರಡೇ ನಿಮಿಷದಲ್ಲಿ ರಾಸಾಯನಿಕದ ವಾಸನೆ ಮೂಗಿಗೆ ಬಡಿಯುತ್ತದೆ. ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮ ಹುಟ್ಟಿದ್ದು 1962ರಲ್ಲಿ. ಅದರ ಹಳೆಯ ವಸಾಹತುಗಳಲ್ಲಿ ಒಂದು ನಮ್ಮದು. ಬಣ್ಣ, ರಾಸಾಯನಿಕ, ಬಟ್ಟೆ ಸಂಸ್ಕರಣೆ, ಬಿಡಿಭಾಗಗಳು ಹೀಗೆ ಕಂಪನಿಗಳು ಬಂದವು. ಅವುಗಳ ಬೆನ್ನಿಗೆ ಮನೆಗಳು, ಮನೆಗಳ ಬೆನ್ನಿಗೆ ನಾವು.

ಈ ಜಾಗವನ್ನು ಹೊರಗಿನವರು ಬಣ್ಣದಿಂದ ನೆನಪಿಡುತ್ತಾರೆ. 2014ರ ಜನವರಿಯಲ್ಲಿ ಹಸಿರು ಮಳೆ ಬಿತ್ತು. 2020ರ ಫೆಬ್ರವರಿಯಲ್ಲಿ ರಸ್ತೆ ಗುಲಾಬಿಯಾಯಿತು. ಎರಡೂ ಪತ್ರಿಕೆಗಳ ಮುಖಪುಟಕ್ಕೆ ಬಂದವು. ಆದರೆ ಇಲ್ಲಿ ವಾಸಿಸುವವರಿಗೆ ಎಂಐಡಿಸಿ ಎಂದರೆ ಮೊದಲು ಸದ್ದು. ಶಬ್ದಮಾಲಿನ್ಯದ 2000ದ ನಿಯಮಗಳ ಪ್ರಕಾರ ಹಗಲು ಹೊತ್ತು ಕೈಗಾರಿಕಾ ಪ್ರದೇಶದಲ್ಲಿ 75 ಡೆಸಿಬೆಲ್‌ವರೆಗೆ ಸದ್ದಿರಬಹುದು, ವಸತಿ ಪ್ರದೇಶದಲ್ಲಿ 55ರವರೆಗೆ. ಸದ್ದಿಗೆ ಈ ನಿಯಮ ಗೊತ್ತಿಲ್ಲ. ಅದು ರಸ್ತೆ ದಾಟಿ ಈಚೆಗೂ ಬರುತ್ತದೆ. ಪಾಳಿ ಬದಲಾಗುವಾಗಿನ ಭೋಂಗಾ, ಬಾಯ್ಲರಿನ ಹಬೆ, ರಾತ್ರಿಯಿಡೀ ತಿರುಗುವ ಬ್ಲೋವರ್, ಕಲ್ಯಾಣ್-ಶಿಳ್ ರಸ್ತೆಯ ಲಾರಿಗಳು. ಇವೆಲ್ಲದರ ಅಡಿಯಲ್ಲಿ ಟ್ರಾನ್ಸ್‌ಫಾರ್ಮರಿನ ಗುಂಯ್ ಎನ್ನುವ ನಾದ.

ಹಗಲು ನನ್ನದು ಲೆಕ್ಕಪತ್ರದ ಕೆಲಸ. ರಾತ್ರಿ ಒಂದು ಹಳೆಯ ಸಿಂಥಸೈಜರ್, ಅಂಗೈ ಅಗಲದ ರೆಕಾರ್ಡರ್, ಲ್ಯಾಪ್‌ಟಾಪ್ ಇಟ್ಟುಕೊಂಡು ಎಲೆಕ್ಟ್ರಾನಿಕ್ ಸಂಗೀತ ಮಾಡುತ್ತೇನೆ. ಇದರಿಂದ ಒಂದು ರೂಪಾಯಿ ಬಂದಿಲ್ಲ, ಬರಬೇಕೆಂದೂ ಇಲ್ಲ. ಟ್ರಾನ್ಸ್‌ಫಾರ್ಮರಿನ ಆ ನಾದವೇ ನನ್ನ ಆಧಾರಶ್ರುತಿ. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತನೆಯದ್ದು. ಒಂದೊಂದು ಆವರ್ತನೆಗೂ ಟ್ರಾನ್ಸ್‌ಫಾರ್ಮರಿನ ಒಳಗಿನ ಕಬ್ಬಿಣ ಎರಡು ಸಲ ಹಿಗ್ಗಿ ಕುಗ್ಗುವುದರಿಂದ ನಮಗೆ ಕೇಳುವುದು 100. ಹಾರ್ಮೋನಿಯಂ ಲೆಕ್ಕದಲ್ಲಿ ಬಿಳಿ ಐದು ಎಂದರೆ ಕೆಳಗಿನ ಸ್ಥಾಯಿಯಲ್ಲಿ 98. ಅಂದರೆ ಎಂಐಡಿಸಿಯ ಶ್ರುತಿ ಬಿಳಿ ಐದಕ್ಕಿಂತ ತುಸು ಮೇಲೆ. ಅದೂ ಪೂರ್ತಿ ಸ್ಥಿರವಲ್ಲ. ವಿದ್ಯುತ್ತಿನ ಬೇಡಿಕೆ ಏರಿದರೆ ಕೂದಲೆಳೆಯಷ್ಟು ಇಳಿಯುತ್ತದೆ, ಬೇಡಿಕೆ ಇಳಿದರೆ ಏರುತ್ತದೆ.

ಇಲ್ಲಿ ಊರು ಬಿಟ್ಟು ಬಂದವರಿಗೆ ಖುಷಿ ಕೊಡುವ ಇನ್ನೊಂದು ಸಂಗತಿಯಿದೆ. ದಕ್ಷಿಣದ ವಿದ್ಯುತ್ ಜಾಲ ದೇಶದ ಉಳಿದ ಜಾಲದೊಂದಿಗೆ ಒಂದೇ ಲಯಕ್ಕೆ ಸೇರಿದ್ದು 2013ರ ಡಿಸೆಂಬರ್ 31ರಂದು. ಸೇರಿಸಿದ್ದು ರಾಯಚೂರು-ಸೊಲ್ಲಾಪುರದ 765 ಕಿಲೋವೋಲ್ಟ್ ತಂತಿ. ಅಂದಿನಿಂದ ಡೊಂಬಿವಲಿಯ ಟ್ರಾನ್ಸ್‌ಫಾರ್ಮರೂ ನಿಮ್ಮ ಊರಿನ ಗದ್ದೆಬದಿಯ ಟ್ರಾನ್ಸ್‌ಫಾರ್ಮರೂ ಹಾಡುತ್ತಿರುವುದು ಒಂದೇ ಶ್ರುತಿಯಲ್ಲಿ.

‘ಇದೆಲ್ಲ ಫಾರಿನ್ ಸಂಗೀತ, ನಮಗೇನು ಸಂಬಂಧ?’ ಎಂದು ಕೇಳುವವರಿದ್ದಾರೆ. ಅವರಿಗೆ ನಾನು ಇಬ್ಬರ ಹೆಸರು ಹೇಳುತ್ತೇನೆ. ಒಬ್ಬರು ಬೆಂಗಳೂರಿನ ಜಿ. ರಾಜ್ ನಾರಾಯಣ್. ಎಂಜಿನಿಯರ್, ಕೊಳಲುವಾದಕ. ಅವರು ಕಟ್ಟಿದ ರಾಡೆಲ್ ಕಂಪನಿ 1979ರಿಂದ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯನ್ನು ನಮ್ಮ ಮನೆಗಳಿಗೆ ತಂದಿತು. ಭಜನೆಗೆ ಕೂತಾಗ ಆ ಡಬ್ಬಿಯನ್ನು ಗುಂಡಿ ಒತ್ತಿ ಶುರುಮಾಡುವ ನಮ್ಮ ತಾಯಂದಿರೂ ಎಲೆಕ್ಟ್ರಾನಿಕ್ ವಾದ್ಯ ನುಡಿಸಿದವರೇ.

ಇನ್ನೊಬ್ಬರು ಮುಂಬೈಯ ಚರಣ್‌ಜಿತ್ ಸಿಂಗ್. ಹಿಂದಿ ಸಿನಿಮಾಗಳ ವಾದ್ಯವೃಂದದಲ್ಲಿ ಗಿಟಾರ್, ಕೀಬೋರ್ಡ್ ನುಡಿಸುತ್ತಿದ್ದವರು. 1982ರಲ್ಲಿ ಮೂರು ಜಪಾನಿ ಯಂತ್ರಗಳನ್ನು ಇಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ಕೂರಿಸಿ ಒಂದು ಧ್ವನಿಮುದ್ರಿಕೆ ಮಾಡಿದರು. ಅವುಗಳಲ್ಲಿ ಒಂದು ರೋಲ್ಯಾಂಡ್ ಟಿಬಿ-303. ಒಬ್ಬಂಟಿ ಗಿಟಾರ್ ವಾದಕರಿಗೆ ಅಭ್ಯಾಸದ ಜೊತೆಗಾರನಾಗಲಿ ಎಂದು ಮಾಡಿದ ಪುಟ್ಟ ಬಾಸ್ ಯಂತ್ರ ಅದು. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಗುಣ ಅದಕ್ಕಿತ್ತು. ಮೀಂಡ್ ಬಲ್ಲ ಕಿವಿಗೆ ಅದು ಹಿಡಿಸದೆ ಇರುತ್ತದೆಯೇ? ಐದು ವರ್ಷಗಳ ನಂತರ, 1987ರಲ್ಲಿ, ಅದೇ ಯಂತ್ರದಿಂದ ಶಿಕಾಗೋದ ಹುಡುಗರು ‘ಆ್ಯಸಿಡ್ ಹೌಸ್’ ಎಂಬ ಹೊಸ ಪ್ರಕಾರವನ್ನೇ ಹುಟ್ಟಿಸಿದರು. ಮುಂಬೈಯ ರೆಕಾರ್ಡನ್ನು ಮಾತ್ರ ಯಾರೂ ಅಷ್ಟಾಗಿ ಕೇಳಲಿಲ್ಲ. 2010ರಲ್ಲಿ ಡಚ್ ಸಂಗ್ರಾಹಕರೊಬ್ಬರು ಅದನ್ನು ಮತ್ತೆ ಹೊರತಂದರು. ಆಮೇಲೆ ಸಿಂಗ್ ಎಪ್ಪತ್ತು ದಾಟಿದ ವಯಸ್ಸಿನಲ್ಲಿ ಯುರೋಪಿನ ವೇದಿಕೆಗಳ ಮೇಲೆ, ಕುಣಿಯುವ ಹುಡುಗ ಹುಡುಗಿಯರ ಎದುರು, ಆ ರಾಗಗಳನ್ನು ಲೈವ್ ನುಡಿಸಿದರು. 2015ರ ಜುಲೈಯಲ್ಲಿ ತೀರಿಕೊಂಡರು. ಒಂದು ಕೃತಿಗೆ ಅದರ ಕೇಳುಗರು ಎದುರಾಗಲು ಮೂರು ದಶಕ ಹಿಡಿಯಿತು. ಇದು ನನಗೆ ಸಮಾಧಾನದ ಕಥೆಯಲ್ಲ, ಎಚ್ಚರಿಕೆಯ ಕಥೆ. ಅಷ್ಟು ಕಾಯುವ ವ್ಯವಧಾನ ನನಗಿಲ್ಲ.

ಹವ್ಯಾಸಿಗೆ ಮನೆಯೇ ದೊಡ್ಡ ಆಮಿಷ. ಹೆಡ್‌ಫೋನ್ ಹಾಕಿಕೊಂಡು ಕೂತರೆ ಒಂದೇ ಲೂಪನ್ನು ಆರು ತಿಂಗಳು ತಿದ್ದಬಹುದು, ಬೇಡ ಎನ್ನುವವರಿಲ್ಲ. ಆದರೆ ಡೊಂಬಿವಲಿಯವರಿಗೆ ಲೈವ್ ಎಂದರೇನೆಂದು ಕಲಿಯಲು ದೂರ ಹೋಗಬೇಕಿಲ್ಲ. ಬೆಳಗ್ಗಿನ ಲೋಕಲ್ ಹತ್ತಿದರೆ ಸಾಕು. ಇಲ್ಲಿಂದ ಸಿಎಸ್‌ಎಂಟಿಗೆ ಸುಮಾರು 48 ಕಿಲೋಮೀಟರ್. ಭಜನಾ ಮಂಡಳಿಯವರು ತಾಳ, ಢೋಲಕಿ ಹಿಡಿದು ಆ ನೂಕುನುಗ್ಗಲಿನಲ್ಲೇ ಹಾಡುತ್ತಾರೆ. ಠಾಣೆಯಲ್ಲಿ ಜನ ನುಗ್ಗಿದಾಗ ತಾಳದವನ ಮೊಣಕೈ ಇನ್ನೊಬ್ಬನ ಪಕ್ಕೆಗೆ ಒತ್ತಿದರೂ ಲಯ ತಪ್ಪುವುದಿಲ್ಲ. ಇಳಿಯುವ ಸ್ಟೇಷನ್ ಬಂದರೆ ಹಾಡು ಅಲ್ಲಿಗೆ ಮುಗಿಯಿತು. ತಿದ್ದುವ ಅವಕಾಶವಿಲ್ಲ, ನಾಳೆ ಮತ್ತೆ ಹಾಡುವ ಅವಕಾಶ ಮಾತ್ರ ಇದೆ.

ಎರಡನೆಯ ಪಾಠಶಾಲೆ ಯಕ್ಷಗಾನ. ಊರಿನ ತಿರುಗಾಟ ಪತ್ತನಾಜೆಗೆ ಮುಗಿದ ಮೇಲೆ ಮಳೆಗಾಲದಲ್ಲಿ ಕಲಾವಿದರು ಮುಂಬೈ ಕಡೆ ಬರುತ್ತಾರಲ್ಲ, ಆಗ ನಾನು ವೇಷಕ್ಕಿಂತ ಹೆಚ್ಚು ಭಾಗವತರನ್ನು ನೋಡುತ್ತೇನೆ. ಪ್ರಸಂಗದ ಪುಸ್ತಕದಲ್ಲಿರುವುದು ಪದ್ಯಗಳು ಮಾತ್ರ. ಮಾತು ರಂಗದಲ್ಲೇ ಹುಟ್ಟಬೇಕು. ಯಾವ ಪದ್ಯವನ್ನು ಎಳೆಯಬೇಕು, ಎಲ್ಲಿ ಏರಿಸಬೇಕು, ಯಾವುದನ್ನು ಬಿಟ್ಟು ಮುಂದೆ ಹೋಗಬೇಕು ಎಂಬುದನ್ನು ಭಾಗವತರು ವೇಷಧಾರಿಯ ಉಸಿರನ್ನೂ ಸಭೆಯ ಮುಖವನ್ನೂ ನೋಡಿ ತೀರ್ಮಾನಿಸುತ್ತಾರೆ. ನನ್ನ ಲೈವ್ ವ್ಯವಸ್ಥೆಯನ್ನು ಹಾಗೆಯೇ ಮಾಡಿಕೊಂಡೆ. ಎಂಟು ಲೂಪ್, ಎಂಟು ಫೇಡರ್. ಪದ್ಯಗಳು ಗೊತ್ತು, ಕ್ರಮವೂ ಕಾಲವೂ ಗೊತ್ತಿಲ್ಲ.

ನಮ್ಮ ವಸಾಹತಿನ ಗಣೇಶೋತ್ಸವದಲ್ಲಿ ನನಗೆ ಇಪ್ಪತ್ತು ನಿಮಿಷ ಸಿಕ್ಕಿತು. ಮಕ್ಕಳ ಡ್ಯಾನ್ಸ್ ಆದ ಮೇಲೆ, ಕರೋಕೆ ಶುರುವಾಗುವ ಮುಂಚೆ. ಹತ್ತು ಗಂಟೆಗೆ ಧ್ವನಿವರ್ಧಕ ಆಫ್ ಆಗಬೇಕಾದ್ದರಿಂದ ಎಲ್ಲರಿಗೂ ಗಡಿಬಿಡಿ. ಸುಮಾರು ಅರವತ್ತು ಪ್ಲಾಸ್ಟಿಕ್ ಕುರ್ಚಿಗಳು. ಪರಿಚಯದ ಡೈಯಿಂಗ್ ಘಟಕವೊಂದರಲ್ಲಿ ಕೇಳಿ ಅನುಮತಿ ಪಡೆದು ಮುದ್ರಿಸಿಕೊಂಡಿದ್ದ ಯಂತ್ರಗಳ ಸದ್ದು, ಅದರ ಅಡಿಗೆ ಆ 100ರ ಶ್ರುತಿ, ಮೇಲೆ ಸಿಂಥಸೈಜರಿನಲ್ಲಿ ಭೂಪಾಲಿಯ ಐದು ಸ್ವರ. ಕೆಲವರು ಪ್ರಸಾದದ ಸಾಲಿಗೆ ಎದ್ದುಹೋದರು. ಮಕ್ಕಳು ಮಿನುಗುವ ದೀಪಗಳನ್ನು ನೋಡಲು ಮೇಜಿನ ಸುತ್ತ ನೆರೆದರು.

ಏಳೆಂಟು ನಿಮಿಷವಾದ ಮೇಲೆ ಬಾಸ್ ಏರಿಸತೊಡಗಿದೆ. ಮುಂದಿನ ಸಾಲಿನ ಹೆಂಗಸೊಬ್ಬರು ತಟ್ಟನೆ ಕಿಟಕಿಯ ಕಡೆ ತಿರುಗಿದರು. ಸ್ಪೀಕರಿನ ಕಡೆಯಲ್ಲ, ಕಿಟಕಿಯ ಕಡೆ. ನನ್ನ ಬೆರಳು ತಾನಾಗಿಯೇ ಫೇಡರನ್ನು ಕೆಳಗೆ ತಂದಿತು. ಇಲ್ಲಿಯವರಿಗೆ ಇದನ್ನು ವಿವರಿಸಬೇಕಿಲ್ಲ. 2016ರ ಮೇ 26ರಂದು, ಮತ್ತೆ 2024ರ ಮೇ 23ರಂದು ಇಲ್ಲಿನ ಕಾರ್ಖಾನೆಗಳಲ್ಲಿ ಸ್ಫೋಟಗಳಾದವು. ಎರಡು ಸಲವೂ ಹತ್ತಕ್ಕಿಂತ ಹೆಚ್ಚು ಜನ ಸತ್ತರು, ಎಷ್ಟೋ ದೂರದ ಮನೆಗಳ ಕಿಟಕಿ ಗಾಜು ಒಡೆದವು. ಬೇರೆ ಊರಿನ ಕ್ಲಬ್ಬಿನಲ್ಲಿ ಎದೆಗೆ ಗುದ್ದುವ ಬಾಸ್ ಎಂದರೆ ಮಜಾ. ಎಂಐಡಿಸಿಯಲ್ಲಿ ಅದು ನೆನಪು. ಹೆಡ್‌ಫೋನು ಇದನ್ನು ನನಗೆ ಯಾವತ್ತೂ ಹೇಳುತ್ತಿರಲಿಲ್ಲ.

ಮುಗಿದ ಮೇಲೆ ಒಬ್ಬ ಹಿರಿಯರು ಹತ್ತಿರ ಬಂದರು. ಕುಂದಾಪುರ ಕಡೆಯವರು, ಡೈಯಿಂಗ್ ಕಂಪನಿಯಲ್ಲಿ ದುಡಿದು ನಿವೃತ್ತರಾದವರು.

“ಅದು ಜಿಗ್ಗರ್ ಅಲ್ವಾ ಮಾರಾಯ್ರೆ? ಬಟ್ಟೆಯ ಕೊನೆ ಬರುವ ಮೊದಲೇ ನಿಲ್ಲಿಸಿಬಿಟ್ರಲ್ಲ!”

ಜಿಗ್ಗರ್ ಎಂದರೆ ಬಟ್ಟೆಗೆ ಬಣ್ಣ ಹಾಕುವ ಯಂತ್ರ. ಒಂದು ರೋಲಿನಿಂದ ಬಿಚ್ಚಿದ ಬಟ್ಟೆ ಬಣ್ಣದ ತೊಟ್ಟಿಯೊಳಗೆ ಮುಳುಗಿ ಇನ್ನೊಂದು ರೋಲಿಗೆ ಸುತ್ತಿಕೊಳ್ಳುತ್ತದೆ. ಕೊನೆ ಮುಟ್ಟಿದಾಗ ಯಂತ್ರ ದಿಕ್ಕು ಬದಲಿಸಿ ಅದೇ ಬಟ್ಟೆಯನ್ನು ಹಿಂದಕ್ಕೆ ಓಡಿಸುತ್ತದೆ. ಬಣ್ಣ ಕೂರುವವರೆಗೆ ಹೀಗೆ ಹೋಗಿ ಬರುವುದು. ಆ ಕೊನೆ ಬರುವುದು ತಮಗೆ ನೋಡದೆಯೇ ಕಿವಿಯಿಂದ ತಿಳಿಯುತ್ತಿತ್ತು ಎಂದು ಅವರು ಹೇಳಿದರು. ಸುತ್ತು ದಪ್ಪಗಾದಂತೆ ಸದ್ದು ಭಾರವಾಗುತ್ತದಂತೆ. ಕೈಯಿಂದ ತೋರಿಸುತ್ತಾ, ಬಾಯಿಂದ ಆ ಸದ್ದು ಮಾಡುತ್ತಾ, ಕರೋಕೆಯ ಗದ್ದಲದ ನಡುವೆ ಹತ್ತು ನಿಮಿಷ ಮಾತಾಡಿದರು. ನನಗೆ ನಾಲ್ಕು ಸೆಕೆಂಡಿನ ಲೂಪ್ ಆಗಿದ್ದದ್ದು ಅವರಿಗೆ ಎಂಟು ಗಂಟೆಯ ಪಾಳಿ.

ಬೆಳವಣಿಗೆ ಎಂದರೆ ಹೊಸ ಯಂತ್ರ, ಹೊಸ ಸಾಫ್ಟ್‌ವೇರ್ ಎಂದು ಈ ಹವ್ಯಾಸದ ಅಂಗಡಿಗಳು ನಮಗೆ ಹೇಳುತ್ತವೆ. ನನ್ನ ಸಂಗೀತವನ್ನು ಬದಲಿಸಿದ್ದು ಮಾತ್ರ ಕಿಟಕಿಯ ಕಡೆ ತಿರುಗಿದ ಒಂದು ಮುಖ, ಒಬ್ಬ ಹಿರಿಯರ ಒಂದು ಆಕ್ಷೇಪ. ಈಗ ಬಾಸ್ ನಿಧಾನವಾಗಿ, ಬರುತ್ತೇನೆಂದು ಹೇಳಿಯೇ ಬರುತ್ತದೆ. ಜಿಗ್ಗರಿನ ಭಾಗ ಹನ್ನೊಂದು ನಿಮಿಷದ್ದಾಗಿದೆ. ಬಟ್ಟೆ ಕೊನೆ ಮುಟ್ಟಿ, ಒಂದು ಕ್ಷಣ ನಿಂತು, ಹಿಂದಕ್ಕೆ ತಿರುಗುವವರೆಗೆ ನುಡಿಸುತ್ತೇನೆ. ಆ ನಿಲುಗಡೆಯೇ ಅದರಲ್ಲಿ ಅತಿ ಚೆನ್ನಾದ ಜಾಗ.

ಅಪಾಯಕಾರಿ ಕಾರ್ಖಾನೆಗಳನ್ನು ಇಲ್ಲಿಂದ ಬೇರೆಡೆಗೆ ಸಾಗಿಸುವ ಮಾತು ಬಹಳ ದಿನದಿಂದ ನಡೆದಿದೆ. ಹೋಗಲಿ, ಜನ ನೆಮ್ಮದಿಯಾಗಿ ನಿದ್ದೆ ಮಾಡಲಿ. ಒಂದು ಸದ್ದು ಉಳಿಯಲೆಂದು ಒಂದು ಅಪಾಯ ಉಳಿಯಬಾರದು. ಹೋಗುವ ಮುಂಚೆ ಅವುಗಳ ನಡುವೆ ಬದುಕಿದವರೊಂದಿಗೆ ಕೂತು ಕೇಳುವುದಷ್ಟೇ ನನ್ನ ಕೆಲಸ.

ಬೆಂಗಳೂರಿನಲ್ಲೋ, ಪುಣೆಯಲ್ಲೋ, ಗುರುಗ್ರಾಮದಲ್ಲೋ ಮಲಗುವ ಕೋಣೆಯ ಮೂಲೆಯಲ್ಲಿ ಕೀಬೋರ್ಡ್ ಇಟ್ಟುಕೊಂಡಿರುವ ನಮ್ಮವರು ಬಹಳ ಮಂದಿ ಇದ್ದೀರಿ. ದೊಡ್ಡ ವೇದಿಕೆಗೆ ಕಾಯಬೇಡಿ. ಸೊಸೈಟಿಯ ಹಾಲ್, ಸಂಘದ ವಾರ್ಷಿಕೋತ್ಸವದ ಹದಿನೈದು ನಿಮಿಷ, ಹತ್ತು ಕುರ್ಚಿ, ಇಷ್ಟೇ ಸಾಕು. ನುಡಿಸಿ ಮುಗಿದ ಮೇಲೆ ಸಾಮಾನು ಕಟ್ಟುವ ಅವಸರ ಮಾತ್ರ ಬೇಡ. ಹೇಳಬೇಕಾದ್ದಿರುವವರು ಕೊನೆಗೆ ಬರುತ್ತಾರೆ.