ಇಶಾಪುರದ ತ್ರೀ ನಾಟ್ ತ್ರೀ

ಹಾಸನದ ಕಾಲೇಜಿನಲ್ಲಿ ಎನ್‌ಸಿಸಿ ಮಾಡಿದ ನನ್ನ ವಾರಿಗೆಯವರಿಗೆ ತ್ರೀ ನಾಟ್ ತ್ರೀ, ಅಂದರೆ .303 ಬೋರಿನ ಹಳೆಯ ಸೇನಾ ರೈಫಲ್, ಹೆಗಲ ಮೇಲಿನ ನಾಲ್ಕು ಕಿಲೋ ಭಾರ, ಅಷ್ಟೇ. ಡ್ರಿಲ್ಲಿಗೆ ಅದು, ಕ್ಯಾಂಪಿನಲ್ಲಿ ಗುಂಡು ಹೊಡೆಯಲು ಕೊಡುತ್ತಿದ್ದದ್ದು ಸಣ್ಣ ಬೋರಿನ ಪಾಯಿಂಟ್ ಟೂ ಟೂ. ತ್ರೀ ನಾಟ್ ತ್ರೀ ಸೇನೆಯ ಬೋರು, ಭಾರತದಲ್ಲಿ ಸಾಮಾನ್ಯರಿಗೆ ನಿಷಿದ್ಧ. ಹಾಗಾಗಿ ಅದನ್ನೊಮ್ಮೆ ಹಾರಿಸಬೇಕೆಂಬ ಆಸೆ, ನಾನು ಕೆಲಸಕ್ಕೆಂದು ಅಮೆರಿಕದ ಓಹಾಯೊ ಸೇರಿ ಗ್ರೀನ್ ಕಾರ್ಡ್ ಪಡೆಯುವವರೆಗೂ ಆಸೆಯಾಗಿಯೇ ಉಳಿದಿತ್ತು.

ಆ ಕಾರ್ಡ್ ಇದ್ದವರು ಅಲ್ಲಿ ಕೋವಿ ಕೊಳ್ಳಬಹುದು. ಒಂದು ಚಳಿಗಾಲ ಹಳೆಯ ಕೋವಿಗಳ ಅಂಗಡಿಗೆ ಹೋದೆ. ಅಲ್ಲಿ ಎರಡು ಲೀ-ಎನ್‌ಫೀಲ್ಡ್, ಅಂದರೆ ನಮ್ಮ ತ್ರೀ ನಾಟ್ ತ್ರೀಗಳೇ, ಇದ್ದವು. ಒಂದು ಥಳಥಳ ಅನ್ನುತ್ತಿತ್ತು. ಜಿಂಕೆ ಬೇಟೆಗೆ ಹಗುರವಾಗಲೆಂದು ಯಾರೋ ಮುಂದಿನ ಮರ ಕತ್ತರಿಸಿ ವಾರ್ನಿಷ್ ಬಳಿದಿದ್ದರು. ಇನ್ನೊಂದು ಗ್ರೀಸು ಮೆತ್ತಿ ಕರ್ರಗಾಗಿತ್ತು. ಬೋಲ್ಟಿನ ಹಿಡಿಕೆಯ ಕೆಳಗೆ ಬಟ್ಟೆಯಲ್ಲಿ ಒರೆಸಿದೆ. ಕಿರೀಟ, ಬ್ರಿಟಿಷ್ ದೊರೆಯ ಜಿ.ಆರ್.ಐ. ಮುದ್ರೆ, ಇಶಾಪುರ, 1942! ಹೂಗ್ಲಿ ದಡದ, ನಮ್ಮ ಕೋಲ್ಕತ್ತದ ಮಗ್ಗುಲಿನ ಕಾರ್ಖಾನೆಯದು.

"ಅದಕ್ಕೆ ಕೆಲಸ ಜಾಸ್ತಿ, ಚೆನ್ನಾಗಿರೋದನ್ನೇ ತಗೊಳ್ಳಿ" ಅಂದ ಅಂಗಡಿಯವ. ನಾನು ಟಾರ್ಚು ಹಾಕಿ ನಳಿಗೆ ನೋಡಿದೆ. ಒಳಗಿನ ಗೆರೆಗಳು ಚೂಪಾಗಿದ್ದವು, ತುಕ್ಕಿನ ಕುಳಿಗಳಿರಲಿಲ್ಲ. ಬೋಲ್ಟಿನ ಸಂಖ್ಯೆಯೂ ಅದು ಓಡಾಡುವ ಚೌಕಟ್ಟಾದ ರಿಸೀವರಿನ ಸಂಖ್ಯೆಯೂ ಒಂದೇ. ಇನ್ನೇನು ಬೇಕು? ಸರ್ಕಾರದ ಫಾರಂ ತುಂಬಿದೆ, ಅವನು ಫೋನಿನಲ್ಲಿ ನನ್ನ ಪೂರ್ವಾಪರ ವಿಚಾರಿಸಿದ, ದುಡ್ಡು ಕೊಟ್ಟು ತಂದೆ.

"ಏನ್ರೀ, ಬಂಗಾಳದ ಕಬ್ಬಿಣ ಕೊಳ್ಳೋಕೆ ಅಮೆರಿಕಕ್ಕೆ ಬರಬೇಕಿತ್ತಾ?" ಅಂದಳು ಹೆಂಡತಿ.

ಕೆಲಸ ಕಲಿಸಿದ್ದು ಶೂಟಿಂಗ್ ಕ್ಲಬ್ಬಿನ ಹಿರಿಯರೊಬ್ಬರು. ಅವರ ಮೊದಲ ಪಾಠವೇ ಎಚ್ಚರಿಕೆ: ಹೆಗಲಿಗೆ ಒರಗುವ ಹಿಂದಿನ ಮರಕ್ಕೆ (ಬಟ್) ಮೊದಲು ಕೈಹಾಕಬಾರದು. ಅದನ್ನು ಬಿಗಿಹಿಡಿದ ಉದ್ದನೆಯ ತಿರುಪಿನ ಚೌಕ ತುದಿ ಮುಂದಿನ ಮರದ ಹಿಂಭಾಗದಲ್ಲಿ ಸಿಕ್ಕಿಕೊಂಡಿರುತ್ತದೆ. ತಿರುಗಿಸಿದರೆ ಮರ ಸೀಳುತ್ತದೆ. ಆದ್ದರಿಂದ ಮುಂದಿನದ್ದನ್ನು ಬಿಚ್ಚಿ ಆಮೇಲೆ ಹಿಂದಿನದು. ಎರಡನೆಯ ಪಾಠ: ಉಪ್ಪುಕಾಗದ ಮುಟ್ಟಬಾರದು. ಮರದ ಮೇಲಿನ ಮುದ್ರೆಗಳೇ ಆ ರೈಫಲ್ಲಿನ ಜಾತಕ, ಉಜ್ಜಿದರೆ ಮತ್ತೆ ಬರುವುದಿಲ್ಲ. ಗ್ರೀಸನ್ನು ದ್ರಾವಕದಲ್ಲಿ ಒರೆಸಿ ತೆಗೆದು, ಒಣಗಿದ ಮರಕ್ಕೆ ಅಗಸೆ ಎಣ್ಣೆ ತೆಳುವಾಗಿ ತಿಕ್ಕಿ, ಹೀರಿಕೊಳ್ಳಲು ಬಿಟ್ಟು, ಮತ್ತೆ ತಿಕ್ಕುತ್ತಾ ಹೋದೆ.

ಮುಖ್ಯ ದುರಸ್ತಿ ಇದ್ದದ್ದು ಕಣ್ಣಿಗೆ ಕಾಣದ ಜಾಗದಲ್ಲಿ. ಮರ ಕುಗ್ಗಿ ರಿಸೀವರಿಗೂ ಅದಕ್ಕೂ ನಡುವೆ ಸಂದು ಬಿದ್ದಿತ್ತು. ಹಾಗೇ ಬಿಟ್ಟರೆ ಪ್ರತಿ ಹೊಡೆತಕ್ಕೂ ಕಬ್ಬಿಣ ಹಿಂದಕ್ಕೆ ಜರುಗಿ ಗುರಿ ಚದುರುತ್ತದೆ. ಗಟ್ಟಿ ಮರದ ತೆಳು ಚಕ್ಕೆಗಳನ್ನು ಅಂಟಿಸಿ, ಎರಡೂ ಬಿಗಿಯಾಗಿ ಕೂರುವ ತನಕ ಕೆರೆದು ಹೊಂದಿಸಿದೆವು. ಬೋಲ್ಟು ಮುಚ್ಚಿದಾಗ ತೋಟಾ ಸರಿಯಾದ ಅಳತೆಯಲ್ಲಿ ಕೂರುತ್ತದೆಯೇ ಎಂಬುದನ್ನು ಬಂದೂಕು ಮೇಸ್ತ್ರಿ ಗೇಜು ಹಾಕಿ ನೋಡಿದ ಮೇಲೆಯೇ ಗುಂಡು ತುಂಬಿದ್ದು. ಹಳೆಯ ಸೇನಾ ತೋಟಾಗಳ ಸಹವಾಸಕ್ಕೆ ಹೋಗಲಿಲ್ಲ. ಅವುಗಳ ಸಿಡಿಮದ್ದು ನಳಿಗೆಯಲ್ಲಿ ಉಪ್ಪು ಉಳಿಸುತ್ತದೆ, ಉಪ್ಪು ತೇವ ಎಳೆದು ತುಕ್ಕು ಹಿಡಿಸುತ್ತದೆ. ಬ್ರಿಟಿಷ್ ಸಿಪಾಯಿಗಳು ಅದಕ್ಕೇ ನಳಿಗೆಗೆ ಕುದಿಯುವ ನೀರು ಹೊಯ್ಯುತ್ತಿದ್ದರು.

ಮುಂದಿನ ಬೇಸಿಗೆ ಈರೀ ಸರೋವರದ ದಂಡೆಯ ಕ್ಯಾಂಪ್ ಪೆರಿಗೆ ಒಯ್ದೆ. 1907ರಿಂದ ಅಮೆರಿಕದ ರಾಷ್ಟ್ರೀಯ ಸ್ಪರ್ಧೆಗಳು ನಡೆಯುವ ಜಾಗ. ಹಳೆಯ ಸೇನಾ ರೈಫಲ್ಲುಗಳ ಸ್ಪರ್ಧೆಯಲ್ಲಿ ದೂರ 200 ಗಜ. ರೈಫಲ್ಲು ಸೇನೆ ಕೊಟ್ಟ ರೂಪದಲ್ಲೇ ಇರಬೇಕು. ಅಂಗಡಿಯಲ್ಲಿ ಹೊಳೆಯುತ್ತಿದ್ದ ಆ ಇನ್ನೊಂದಕ್ಕೆ ಇಲ್ಲಿ ಪ್ರವೇಶವೇ ಇರುತ್ತಿರಲಿಲ್ಲ. ನೆಲಕ್ಕೆ ಮಲಗಿ ಮೊದಲ ಗುಂಡು ಬಿಟ್ಟೆ. ಹಿತ್ತಾಳೆಯ ಬಟ್ ಪ್ಲೇಟು ಹೆಗಲಿಗೆ ಗುದ್ದಿತು. ಡ್ರಿಲ್ಲಿನಲ್ಲಿ ಹೊತ್ತ ಭಾರಕ್ಕೆ ಆವತ್ತು ಅರ್ಥ ಬಂತು. ಬಹುಮಾನವೇನೂ ಬರಲಿಲ್ಲ, ಆದರೆ ಗುಂಡುಗಳೆಲ್ಲ ಕಪ್ಪು ವೃತ್ತದ ಆಸುಪಾಸಿನಲ್ಲೇ ಬಿದ್ದವು.

ನೀವೂ ಇಂಥದ್ದು ಕೊಳ್ಳುವವರಾದರೆ ಇಷ್ಟು ನೆನಪಿಡಿ: ಹೊಳಪಿಗೆ ದುಡ್ಡು ಕೊಡಬೇಡಿ, ನಳಿಗೆಗೆ ಕೊಡಿ. ಕೊಳೆ ತೆಗೆಯಬಹುದು, ಕತ್ತರಿಸಿದ ಮರ ಬೆಳೆಯುವುದಿಲ್ಲ.