ಹಾಡಿಗೊಂದು ಹೆಸರು

ಮಗು ಹುಟ್ಟಿದರೆ ನಾಮಕರಣದ ಸಂಭ್ರಮವುಂಟು. ಹಾಡು ಹುಟ್ಟಿದರೆ? ನಮ್ಮ ಹಿಂದಿನವರು ಆ ಗೊಡವೆಗೆ ಹೋಗಲಿಲ್ಲ. ಹಾಡಿನ ಮೊದಲ ಮಾತುಗಳೇ ಅದರ ಹೆಸರು. ನಾನು ಪಾಠ ಹೇಳಿದ ಕೋಲಾರ, ಮಾಲೂರು, ಶ್ರೀನಿವಾಸಪುರಗಳ ಸೀಮೆಯಲ್ಲಿ, ಕನ್ನಡದ್ದಾಗಲಿ ತೆಲುಗಿನದಾಗಲಿ, ಸೋಬಾನೆಯ ಹಾಡನ್ನು ಹೆಂಗಸರು ಹೀಗೆಯೇ ಗುರುತಿಸುತ್ತಿದ್ದರು.

ಹೆಸರಿಲ್ಲದಿದ್ದರೂ ಹಾಡು ಅನಾಥವಾಗಿರಲಿಲ್ಲ. ಹದಿನೈದನೆಯ ಶತಮಾನದಲ್ಲಿ ಮುಳಬಾಗಿಲಿನ ಶ್ರೀಪಾದರಾಜರು ಕನ್ನಡದಲ್ಲಿ ಕೀರ್ತನೆಗಳನ್ನು ರಚಿಸಿದರು. ಅವುಗಳ ನೆತ್ತಿಯ ಮೇಲೆ ಶೀರ್ಷಿಕೆಯಿಲ್ಲ. ಕೊನೆಯಲ್ಲಿ ‘ರಂಗವಿಠಲ’ ಎಂಬ ಅಂಕಿತವಿದೆ. ಕೈವಾರದ ಯೋಗಿನಾರೇಯಣರ ಪದಗಳಲ್ಲಿ ‘ಅಮರನಾರೇಯಣ’ ಎಂಬ ಅಂಕಿತವುಂಟು. ಅದು ದೇವರ ಹೆಸರು; ಆದರೂ ರಚಿಸಿದವರ ಗುರುತು. ಹಾಡುವವರು ಓದುಬರಹವನ್ನರಿಯದವರಾದರೂ ಅಂಕಿತವು ಕರ್ತೃವನ್ನು ಹಾಡಿನೊಳಗೇ ಕಾಪಾಡಿತು.

ಅಚ್ಚಿನ ಪುಸ್ತಕಗಳ ಕಾಲದಲ್ಲಿ ಹಾಡಿಗೆ ಹೆಸರಿಡುವುದು ರೂಢಿಯಾಯಿತು. ಅದೂ ಒಂದು ಕಲೆ. ಅದೇ ಮುಳಬಾಗಿಲಿನಲ್ಲಿ 1887ರಲ್ಲಿ ಜನಿಸಿದ ಡಿ.ವಿ. ಗುಂಡಪ್ಪನವರು ಬೇಲೂರಿನ ಶಿಲಾಬಾಲಿಕೆಯರನ್ನು ಕುರಿತು ‘ಅಂತಃಪುರ ಗೀತೆ’ಗಳನ್ನು ಬರೆದರು. ಅವುಗಳಲ್ಲಿ ಒಂದರ ಹೆಸರು ‘ಕಪಿಕುಪಿತೆ’. ಕಪಿಯೊಂದು ಸೀರೆ ಸೆಳೆಯುತ್ತಿದೆ, ಚೆಲುವೆ ಸಿಟ್ಟಾಗಿದ್ದಾಳೆ. ಐದೇ ಅಕ್ಷರಗಳಲ್ಲಿ ಇಡೀ ಶಿಲ್ಪ ಕಣ್ಣಿಗೆ ಕಟ್ಟುತ್ತದೆ. ನಾಲಗೆಗೂ ಆಟ ದೊರೆಯುತ್ತದೆ. ‘ಮುಕುರಮುಗ್ಧೆ’ ಎಂದರೆ ಕನ್ನಡಿಯ ಮುಂದೆ ಮೈಮರೆತವಳು.

ಟಿ.ಪಿ. ಕೈಲಾಸಂ ಅವರ ‘ಕೋಳೀಕೆ ರಂಗ’ದ ಚಮತ್ಕಾರವೇ ಬೇರೆ. ಕಾನ್‌ಸ್ಟಾಂಟಿನೋಪಲ್ ಎಂಬ ಊರಿನ ಹೆಸರನ್ನು ಬಿಡಿಸಿ ಹೇಳುವ ಇಂಗ್ಲಿಷ್ ಹಾಡಿನ ಜಾಡಿನಲ್ಲಿ ಅವರು ಹಳ್ಳಿಗನೊಬ್ಬನ ಹೆಸರನ್ನು ಅಕ್ಷರ ಅಕ್ಷರವಾಗಿ ಬಿಡಿಸಿದರು. ಅಲ್ಲಿ ಹೆಸರೇ ಹಾಡು.

ನಗಿಸುವ ಹೆಸರುಗಳಿರುವಂತೆ ನಮ್ಮನ್ನು ಎಚ್ಚರಿಸುವ ಹೆಸರುಗಳೂ ಉಂಟು. ದೇವಾಲಯದಲ್ಲಿ ದಿನವೂ ನಡೆಯುವ ಉತ್ಸವ ನಿತ್ಯೋತ್ಸವ. ಕೆ.ಎಸ್. ನಿಸಾರ್ ಅಹಮದರು ಆ ಮಾತನ್ನು ನಾಡತಾಯಿಯ ಹಾಡಿಗೆ ಹೆಸರಾಗಿಟ್ಟರು. ನಾಡಿನ ಮೇಲಣ ಪ್ರೀತಿ ವರ್ಷಕ್ಕೊಂದು ದಿನದ ಹಬ್ಬವಲ್ಲವೆಂದು ಆ ಹೆಸರೇ ಸಾರುತ್ತದೆ. 1978ರಲ್ಲಿ ಮೈಸೂರು ಅನಂತಸ್ವಾಮಿಯವರ ಸಂಗೀತದೊಡನೆ ಅದು ಧ್ವನಿಸುರುಳಿಯಾಗಿ ಮನೆಮನೆಯನ್ನು ತಲುಪಿತು.

ಇಂದು ಹಾಡು ನಮಗೆ ಸುಲಭವಾಗಿ ದೊರೆಯುತ್ತದೆ; ಬರೆದವರ ಹೆಸರು ಮಾತ್ರ ಅಷ್ಟೇ ಸುಲಭವಾಗಿ ಜಾರಿಹೋಗುತ್ತದೆ. ಚಲನಚಿತ್ರದ ಗೀತೆಯನ್ನು ತೆರೆಯ ಮೇಲೆ ಕಾಣುವ ನಟನ ಹಾಡೆಂದೇ ಕರೆಯುತ್ತೇವೆ. ಅದಕ್ಕೆ ಮಾತು ಕೊಟ್ಟ ಕವಿ ಯಾರೆಂದು ಕೇಳುವವರು ವಿರಳ. ಇಂದಿನ ಕವಿ ತನ್ನ ಹಾಡಿನ ಕೊನೆಯಲ್ಲಿ ಅಂಕಿತವಿಡುವುದಿಲ್ಲ. ಆದುದರಿಂದ ಅವನ ಹೆಸರನ್ನು ನೆನಪಿನಲ್ಲಿಡುವ ಹೊಣೆ ಹಾಡುವವರದು, ಕೇಳುವವರದು.