ಹುಳುವಿನ ಪಾಲು

ಪುಣೆಯಿಂದ ನಾಗಪುರದ ರೈಲು ಹತ್ತಿ, ಬಡ್ನೇರಾದಲ್ಲಿ ಇಳಿದು, ಬಸ್ಸಿನಲ್ಲಿ ಯವತ್ಮಾಳದ ಕಡೆ ಹೊರಟರೆ ರಸ್ತೆಯ ಎರಡೂ ಬದಿ ಎರೆಹೊಲ. ರಾಯಚೂರು, ಧಾರವಾಡ ಸೀಮೆಯವರಿಗೆ ಈ ಮಣ್ಣು ಹೊಸದೇನಲ್ಲ. ನವೆಂಬರ್‌ ಬಂತೆಂದರೆ ಹತ್ತಿ ಬಿಡಿಸುವ ಹೆಂಗಸರು ಉಡಿ ಕಟ್ಟಿಕೊಂಡು ಸಾಲುಗಳ ನಡುವೆ ಸಾಗುತ್ತಿರುತ್ತಾರೆ.

ನನ್ನ ಸಹೋದ್ಯೋಗಿಯ ಊರು ಇಲ್ಲೇ. ಅವರ ಕಾಕಾಗೆ ಮೂರು ಎಕರೆ ಹೊಲ, ಮಳೆ ನಂಬಿದ ಬೇಸಾಯ. ಬಿಟಿ ಹತ್ತಿಯ ಬಗ್ಗೆ ಕೇಳಿದರೆ ಅವರು ಬೈಯಲೂ ಇಲ್ಲ, ಹೊಗಳಲೂ ಇಲ್ಲ. "ಮೊದಮೊದಲು ಔಷಧಿ ಹೊಡೆಯುವ ಖರ್ಚು ನಿಜಕ್ಕೂ ಉಳಿಯಿತು" ಎಂದರು.

ಬಿಟಿ ಹತ್ತಿಗೆ ಸರ್ಕಾರದ ಒಪ್ಪಿಗೆ ಸಿಕ್ಕಿದ್ದು 2002ರಲ್ಲಿ. ಮಣ್ಣಿನ ಬ್ಯಾಕ್ಟೀರಿಯಾದ ಜೀನ್ ಸೇರಿಸಿದ ಈ ಗಿಡ, ಕಾಯಿಕೊರಕ ಹುಳುವಿಗೆ ವಿಷವಾಗುವ ಪ್ರೋಟೀನನ್ನು ತಾನೇ ತಯಾರಿಸುತ್ತದೆ. ಆಗ ಹೆಕ್ಟೇರಿಗೆ ಸುಮಾರು 300 ಕಿಲೊ ಇದ್ದ ದೇಶದ ಸರಾಸರಿ ಅರಳೆ ಇಳುವರಿ ಐದಾರು ವರ್ಷಗಳಲ್ಲಿ 500 ದಾಟಿತು. ಗೊಬ್ಬರ, ನೀರಾವರಿ, ಹೊಸ ಹೈಬ್ರಿಡ್ ತಳಿಗಳ ಪಾಲೂ ಅದರಲ್ಲಿತ್ತು. ಆಮೇಲೆ ಇಳುವರಿ ಏರುವುದು ನಿಂತಿತು.

450 ಗ್ರಾಂ ಬಿಟಿ ಬೀಜದ ಜೊತೆ 120 ಗ್ರಾಂ ಸಾದಾ ಬೀಜದ ಪುಟ್ಟ ಪೊಟ್ಟಣವೂ ಬರುತ್ತಿತ್ತು. ಅದನ್ನು ಹೊಲದ ಅಂಚಿಗೆ ಬಿತ್ತಬೇಕು. ಅಲ್ಲಿ ವಿಷ ತಾಗದೆ ಬೆಳೆದ ಪತಂಗಗಳು, ವಿಷ ತಡೆದುಕೊಂಡು ಉಳಿದ ಪತಂಗಗಳ ಜೊತೆ ಕೂಡಿದರೆ ಮುಂದಿನ ಸಂತತಿ ಮತ್ತೆ ಬಿಟಿಗೆ ಸಾಯುತ್ತದೆ ಎಂಬುದು ಲೆಕ್ಕ. ನೂರಾರು ಎಕರೆ ಇದ್ದವನು ಒಂದು ಮೂಲೆ ಬಿಟ್ಟುಕೊಟ್ಟಾನು. ಮೂರು ಎಕರೆಯವನು?

"ಹುಳಕ್ಕೆ ಊಟ ಹಾಕಲು ನನ್ನ ಹತ್ತಿರ ಹೊಲ ಎಷ್ಟಿದೆ ಹೇಳಿ?" ಅಂದರು ಕಾಕಾ. ಅವರು ಆ ಪೊಟ್ಟಣ ಬಿತ್ತಲೇ ಇಲ್ಲ. ಹೆಚ್ಚಿನ ರೈತರೂ ಬಿತ್ತಲಿಲ್ಲ.

ಗುಲಾಬಿ ಕಾಯಿಕೊರಕ ಬಿಟಿಗೆ ಜಗ್ಗದಂತಾಯಿತು. 2017ರ ಹಂಗಾಮಿನಲ್ಲಿ ಮಹಾರಾಷ್ಟ್ರದ ಹತ್ತಿಗೆ ಅದು ಭಾರಿ ಪೆಟ್ಟು ಕೊಟ್ಟಿತು. ಅದೇ ವರ್ಷ ಯವತ್ಮಾಳ ಜಿಲ್ಲೆಯಲ್ಲಿ ಕೀಟನಾಶಕ ಸಿಂಪಡಿಸುವಾಗ ವಿಷವೇರಿ 20ಕ್ಕೂ ಹೆಚ್ಚು ರೈತರು, ಕೂಲಿಕಾರರು ತೀರಿಕೊಂಡರು. ಸಾದಾ ಬೀಜವನ್ನು ಬಿಟಿ ಬೀಜದೊಳಗೇ ಬೆರೆಸಿ ಮಾರುವ ಕ್ರಮ ಬಂದದ್ದು ತಡವಾಗಿ.

ಈಗ ವಿಜ್ಞಾನಿಗಳ ಸಲಹೆ: ಡಿಸೆಂಬರ್‌ ಹೊತ್ತಿಗೆ ಬೆಳೆ ಮುಗಿಸಿ, ಕಟ್ಟಿಗೆ ಕಿತ್ತುಬಿಡಿ, ಹುಳುವಿಗೆ ತಿನ್ನಲು ಏನೂ ಸಿಗಬಾರದು. ಕಾಕಾ ಕೀಳಲು ಸಿದ್ಧ. ಆದರೆ ಪಕ್ಕದ ಹೊಲದವರಿಗೆ ಬೋರ್‌ವೆಲ್ ಇದೆ, ಫೆಬ್ರವರಿಯವರೆಗೂ ಬಿಡಿಸುತ್ತಾರೆ. ಅಲ್ಲಿ ಬೆಳೆದ ಪತಂಗ ಮುಂದಿನ ವರ್ಷ ಇವರ ಹೊಲಕ್ಕೇ ಬರುತ್ತದೆ. ಬೀಜವನ್ನು ಒಬ್ಬೊಬ್ಬರೇ ಕೊಳ್ಳಬಹುದು, ಹುಳುವನ್ನು ತಡೆಯಲು ಮಾತ್ರ ಊರೇ ಸೇರಬೇಕು.